ಎಲೆ ಎಣಿಸುವ ದನಿ

ನಮ್ಮ ಅಪ್ಪನ ದನಿಯನ್ನು ಕೇಳಲಾರೆ ಎನ್ನುವವರೂ ಇರಬಹುದೆಂದು, ನನ್ನ ಮಗಳಿಗೆ ಕಿವಿ ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಚಿಕ್ಕೇರೂರಿನಲ್ಲಿ ಅಪ್ಪನನ್ನು ಪುರಾಣದ ಕರಬಸಪ್ಪ ಎಂದೇ ಕರೆಯುತ್ತಾರೆ. ಹೊಲಮನೆ ಎಲ್ಲರಿಗೂ ಇದ್ದಂತೆ ಅವನಿಗೂ ಇದೆ. ಶ್ರಾವಣ ಬಂತೆಂದರೆ ಮಾತ್ರ ದಿನಾ ಸಂಜೆ ಮಠದ ಪಡಸಾಲೆಯಲ್ಲಿ ಪುಸ್ತಕದ ಮುಂದೆ ಕೂರುವವನು ಅವನೇ. ಯಾರಾದರೂ ಮೈಕು ತಂದಿಟ್ಟರೆ ಪಕ್ಕಕ್ಕೆ ಸರಿಸುತ್ತಾನೆ. ಕಟ್ಟೆಯ ತುದಿಯಲ್ಲಿ ಕುಳಿತ ಮುದುಕಿಗೂ, ರಸ್ತೆಯಾಚೆ ಎತ್ತು ಬಿಚ್ಚುತ್ತಿರುವವನಿಗೂ ಪದ್ಯ ತನ್ನ ಗಂಟಲಿನಿಂದಲೇ ಮುಟ್ಟಬೇಕು ಎಂಬುದು ಅವನ ಹಟ. ಷಟ್ಪದಿಯ ಮೂರನೆಯ ಸಾಲಿಗೆ ಬಂದಾಗ ದನಿಯನ್ನು ಎಳೆದು, ಉಸಿರು ಮುಗಿಯುವ ಹೊತ್ತಿಗೆ ನಿಲ್ಲಿಸುತ್ತಾನೆ. ಆ ನಿಲುಗಡೆಯಲ್ಲಿ ಇಡೀ ಪಡಸಾಲೆ ಒಮ್ಮೆ ಹೂಂ ಎನ್ನುತ್ತದೆ.

ನಾನು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. ಅರ್ಥ ಏನೂ ತಿಳಿಯುತ್ತಿರಲಿಲ್ಲ. ದನಿ ಮೊದಲು ತೊಡೆಯಲ್ಲಿ ನಡುಗಿ, ಅಲ್ಲಿಂದ ನನ್ನ ಕೆನ್ನೆಗೆ ಬಂದು, ಆಮೇಲೆ ಕಿವಿಗೆ ಬರುತ್ತಿತ್ತು. ಎಣ್ಣೆ ದೀಪದ ವಾಸನೆ, ಅಪ್ಪನ ಧೋತರದ ಬಿಸಿ, ಪದ್ಯ, ಇವು ಬೇರೆ ಬೇರೆ ಎಂದು ನನಗೆ ಆಗ ಅನ್ನಿಸಿದ್ದೇ ಇಲ್ಲ. ಇವತ್ತಿಗೂ ನಾನು ದೇವರ ಮುಂದೆ ಕಣ್ಣು ಮುಚ್ಚಿದರೆ ಮೊದಲು ಬರುವುದು ದೇವರ ಮುಖವಲ್ಲ, ಆ ಮೂರನೆಯ ಸಾಲು.

ಮದುವೆಯಾಗಿ ನಾನು ಸವಣೂರಿಗೆ ಬಂದೆ. ನನ್ನ ಗಂಡ ಮಾಲತೇಶ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದಾರೆ. ಮನೆಯಲ್ಲಿ ಅತ್ತೆ ಅನ್ನವ್ವ, ನಾವಿಬ್ಬರು, ಮಗಳು ಪೂಜಾ. ಹಿತ್ತಲ ಗೋಡೆಗೆ ಹೊಂದಿ ಮಾಬೂಬಿ ಚಿಗವ್ವನ ಮನೆ. ಅವರದು ವೀಳ್ಯದೆಲೆಯ ಕಸುಬು. ತೋಟದಿಂದ ಬಂದ ಎಲೆಯನ್ನು ಆರಿಸಿ, ಎಣಿಸಿ, ಕಟ್ಟು ಕಟ್ಟಿ ಪೇಟೆಗೆ ಕಳಿಸುತ್ತಾರೆ.

ಪೂಜಾ ಹುಟ್ಟುತ್ತಲೇ ಕಿವುಡಿ. ಕುಕ್ಕರು ಕೂಗಿದಾಗ ನಾನು ಬೆಚ್ಚಿದರೂ ತೊಡೆಯ ಮೇಲಿನ ಕೂಸು ಬೆಚ್ಚದೆ ಇದ್ದಾಗ ಮೊದಲ ಸಲ ಸಂಶಯ ಬಂತು. ಆಮೇಲಿನದು ಆಸ್ಪತ್ರೆಗಳ ಕತೆ, ಅದನ್ನು ಹೇಳುವುದಿಲ್ಲ. ಕೊನೆಗೆ ಅವಳಿಗೆ ಮೂರು ವರ್ಷವಾಗುವ ಹೊತ್ತಿಗೆ ಸರ್ಕಾರದ ಯೋಜನೆಯಲ್ಲಿ ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಕಿವಿಯ ಒಳಗೆ ಒಂದು ಸಣ್ಣ ಯಂತ್ರ ಇಟ್ಟರು. ಹೊರಗಿನ ಭಾಗ ಕಿವಿಯ ಹಿಂದೆ ಕೂರುತ್ತದೆ. ಅದರಿಂದ ಹೊರಟ ತಂತಿಯ ತುದಿಯಲ್ಲಿ ರೂಪಾಯಿಯಷ್ಟಗಲದ ಬಿಲ್ಲೆ, ಅದು ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುತ್ತದೆ. ಬಿಲ್ಲೆ ಅಂಟಿದರೆ ಸದ್ದು, ಕಿತ್ತರೆ ಮೌನ.

ಗಾಯ ಮಾಗಿದ ಮೇಲೆ ಯಂತ್ರ ಚಾಲೂ ಮಾಡಿದ ದಿನ, ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಜಯಶ್ರೀ ಮೇಡಂ ಮೇಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರು. ಪೂಜಾ ಬಿಸ್ಕೀಟು ಅಗಿಯುವುದನ್ನು ನಿಲ್ಲಿಸಿ ಸುತ್ತ ನೋಡಿದಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

"ಎಚ್ಚರ ಇರೋಷ್ಟು ಹೊತ್ತೂ ಇದು ತಲೆ ಮೇಲೆ ಇರಬೇಕು," ಎಂದರು ಮೇಡಂ. ಅವರು ಮೈಸೂರು ಕಡೆಯವರು. "ಈ ವಯಸ್ಸಲ್ಲಿ ಕೇಳಿದ್ರೆ ಮಾತು ಬರುತ್ತೆ. ಕಿತ್ತು ಕಿತ್ತು ಇಟ್ರೆ ಒಳಗಿರೋದು ಇದ್ದೂ ಇಲ್ಲದ ಹಾಗೆ. ಕಳೆದ ವರ್ಷ ಮತ್ತೆ ಸಿಗಲ್ಲ ಅಮ್ಮ. ಸದ್ಯಕ್ಕೆ ಒಬ್ಬೊಬ್ಬರೇ, ಮೆಲ್ಲಗೆ ಮಾತಾಡ್ಸಿ. ಮನೇಲಿ ಒಂದೇ ಭಾಷೆ ಇರಲಿ."

ಹೊರಗೆ ಬಂದ ಮೇಲೆ ಅತ್ತೆ ಮೇಡಂ ಬಗ್ಗೆ ಹೇಳಿದರು, "ಭಾಳ ಒಳ್ಳೆ ಬಾಯಾರು. ಆದ್ರ ಅವ್ರ ಮಾತು ಉಪ್ಪಿಲ್ಲದ ಸಾರು ಉಂಡಂಗ ಆತ್ ನೋಡು. ತಲೀಗೆ ಏನೂ ಹತ್ತಲಿಲ್ಲ."

ಹತ್ತಲಿಲ್ಲ ಎಂಬುದು ನಿಜವೇ ಆಯಿತು. ಬಸ್ಸು ಶಿಗ್ಗಾವಿ ದಾಟುವಷ್ಟರಲ್ಲಿ ಅತ್ತೆಯ ತಲೆಯಲ್ಲಿ ಬೇರೊಂದು ಕೆಲಸ ತಯಾರಾಗಿತ್ತು.

ನಮ್ಮಲ್ಲಿ ಹೆಸರಿಡುವ ದಿನ ಸೋದರತ್ತೆ ಕೂಸಿನ ಕಿವಿಗೆ ಬಾಯಿ ಹಚ್ಚಿ "ಕುರ್‌ರ್‌ರ್" ಎಂದು ಹೆಸರು ಹೇಳಬೇಕು. ಅವಳು ಹಾಗೆ ಅನ್ನುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನಗು, ಕೂಗು, ಗದ್ದಲ. ಪೂಜಾಳಿಗೂ ಹಾಗೆ ಆಗಿತ್ತು. ಕೂಸು ಮಾತ್ರ ಅದರಲ್ಲಿ ಒಂದನ್ನೂ ಕೇಳಿರಲಿಲ್ಲ.

"ಕೇಳದ ಕಿವ್ಯಾಗ ಹೇಳಿದ ಹೆಸರು ಹೆಸರ ಅಲ್ಲ," ಎಂದರು ಅತ್ತೆ. "ಆಕೀಗಿ ಹೆಸರು ಮುಟ್ಟೇ ಇಲ್ಲ. ಮತ್ತೊಮ್ಮೆ ಇಡೂಣು. ದುಂಡಸಿಗೆ ಫೋನ್ ಹಚ್ಚಿ ಮಂಜವ್ವನ್ನ ಕರಸತೇನಿ. ನೀ ನಿಮ್ಮಪ್ಪಗ ಹಚ್ಚು. ಹೆಸರಿನ ಹಿಂದs ದೇವರ ಪದ್ಯಾನೂ ಕಿವಿಗೆ ಬೀಳಲಿ."

ಒಬ್ಬೊಬ್ಬರೇ, ಮೆಲ್ಲಗೆ ಎಂದ ಮಾತು ನನಗೆ ನೆನಪಿತ್ತು. ಆದರೂ ಫೋನ್ ಹಚ್ಚಿದೆ. ಮಗಳು ಮೊದಲು ಕೇಳುವ ಪದ್ಯ ಅಪ್ಪನ ಬಾಯಿಂದಲೇ ಬರಲಿ ಎಂಬ ಆಸೆ ಅತ್ತೆಗಿಂತ ನನಗೇ ಹೆಚ್ಚಿತ್ತು.

ಓಣಿಯ ಹೆಂಗಸರು ಬಂದರು. ಭಜನೆಯವರು ತಾಳ ತಂದರು. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ತೊಟ್ಟಿಲ ಪಕ್ಕ ಕುಳಿತ. ಮಗಳು ತೊಟ್ಟಿಲಿನ ವಯಸ್ಸು ಮೀರಿದವಳು, ಕಾಲು ಹೊರಗೆ ಚಾಚಿ ಕುಳಿತು ಸಕ್ಕರೆ ತಿನ್ನುತ್ತಿದ್ದಳು. ಗಂಡನ ಅಕ್ಕ ಮಂಜವ್ವ ಬಗ್ಗಿದರು.

"ಯಾವ ಕಿವಿ ಯವ್ವಾ? ಮಷೀನ ಇದ್ದದ್ದ ಅಲ್ಲ?"

"ಮತ್ತ್ಯಾವುದು? ಅದಕ್ಕs ಬಾಯಿ ಹಚ್ಚು," ಎಂದು ಕೂಗಿದರು ಓಣಿಯ ಹೆಂಗಸರೆಲ್ಲ. ಅತ್ತೆ ಆರತಿ ಹಿಡಿದು ನಗುತ್ತಿದ್ದರು.

ಸದ್ದು ಹಿಡಿಯುವ ರಂಧ್ರಗಳೆಲ್ಲ ಕಿವಿಯ ಹಿಂದಿನ ಆ ಯಂತ್ರದಲ್ಲೇ ಇವೆ. ಅದಕ್ಕೆ ತುಟಿ ಮುಟ್ಟಿಸಿ ಮಂಜವ್ವ "ಕುರ್‌ರ್‌ರ್" ಎಂದರು. ಬೆನ್ನಿಗೆ ಗುದ್ದು ಬಿತ್ತು, ಎಲ್ಲರೂ ಕೂಗಿದರು, ತಾಳ ಬಡಿಯಿತು. ಪೂಜಾಳ ಮುಖ ಬಿಳಿಚಿತು. ಅಳುವಿಗೆ ಮುಂಚಿನ ಆ ಉಸಿರು ಕಟ್ಟಿದ ಹೊತ್ತಿನಲ್ಲಿ, ಪದ್ಯ ಬಿದ್ದರೆ ಕೂಸು ಸಮಾಧಾನ ಆಗುತ್ತದೆಂದು ಅಪ್ಪ ದನಿ ಎತ್ತಿದ. ಮಠದಲ್ಲಿ ರಸ್ತೆಯಾಚೆ ಮುಟ್ಟಿಸುವ ಅದೇ ಎತ್ತರದಲ್ಲಿ.

ಮಗಳು ಚೀರಿದ ಚೀರು ಮಾಬೂಬಿ ಚಿಗವ್ವನ ಮನೆಗೂ ಕೇಳಿಸಿತಂತೆ. ಬಿಲ್ಲೆಯನ್ನು ಕಿತ್ತು ಎಸೆದಳು. ಅದು ಆರತಿಯ ತಟ್ಟೆಗೆ ಬಿತ್ತು. ಅಪ್ಪ ಸಾಲಿನ ನಡುವೆ ನಿಲ್ಲಿಸಿಬಿಟ್ಟ. ಅವನು ಹಾಗೆ ನಿಲ್ಲಿಸಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ನನ್ನ ಬೆನ್ನು ಮುರದ್ರಿ, ಹೆಸರಂತೂ ಮುಟ್ಟಲಿಲ್ಲ," ಎಂದರು ಮಂಜವ್ವ. ಯಾರೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಬಿಲ್ಲೆಯನ್ನು ಮತ್ತೆ ಅಂಟಿಸಿದ್ದೆ. ಅಪ್ಪ ಚಹದ ಬಸಿ ಕೆಳಗಿಟ್ಟು "ತಂಗೀ" ಎಂದು ಮೊಮ್ಮಗಳನ್ನು ಕರೆದ, ಅಷ್ಟೇ. ಪೂಜಾ ಅವನ ಬಾಯಿಯನ್ನೇ ನೋಡುತ್ತ ಬಿಲ್ಲೆ ಕಿತ್ತು ದಿಂಬಿನ ಕೆಳಗೆ ತುರುಕಿದಳು.

"ನನ್ನ ದನಿ ಅಷ್ಟು ಬಿರುಸೈತೇನವ್ವ ರಂಜಿ?" ಎಂದು ಕೇಳಿದ ಅಪ್ಪ.

"ಹಂಗೇನಿಲ್ಲಪ್ಪ, ಕೂಸಿಗೆ ಹೊಸಾದು," ಎಂದೆ. ಅವನು ಮಧ್ಯಾಹ್ನದವರೆಗೂ ಕಾಯದೆ ಊರಿಗೆಂದು ಹಾನಗಲ್ ಬಸ್ಸು ಹತ್ತಿದ.

ಅವತ್ತಿನಿಂದ ಯಾರು ಬಾಯಿ ತೆರೆದರೂ ಬಿಲ್ಲೆ ಕೆಳಗೆ. ಜೋಳದ ಡಬ್ಬಿಯಲ್ಲಿ ಸಿಕ್ಕಿತು, ಗಂಡನ ಚಪ್ಪಲಿಯಲ್ಲಿ ಸಿಕ್ಕಿತು. ಟೋಪಿ ಹೊಲಿಸಿದೆವು, ಟೋಪಿಯನ್ನೇ ಕಿತ್ತಳು. ಚಾಕಲೇಟು ತೋರಿಸಿದೆವು, ಚಾಕಲೇಟು ತಿಂದು ಬಿಲ್ಲೆ ತೆಗೆದಳು. ಅತ್ತೆ ಸೋಮವಾರದ ಒಪ್ಪತ್ತು ಹಿಡಿದರು. ಮೇಡಂಗೆ ಫೋನ್ ಮಾಡಿದರೆ ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಮುಂದಿನ ಸಲ ಬಂದಾಗ ಅವಳಿಗೆ ಏನು ಕೇಳ್ತಿದೆ ಅಂತ ನನಗೆ ಗೊತ್ತಾಗ್ಬೇಕು. ಹಾಕ್ಕೊಳ್ಳದೆ ಇದ್ರೆ ಮಷೀನ್ ಏರಿಸೋದೋ ಇಳಿಸೋದೋ ಹೇಗೆ ತಿಳೀಲಿ? ದಿನಗಳು ಹೋಗ್ತಿವೆ ಅಮ್ಮ."

ರಾತ್ರಿ ಅವಳ ಕೂದಲು ಬಾಚುವಾಗ ಗಾಯದ ಗೆರೆ ಕೈಗೆ ಸಿಗುತ್ತಿತ್ತು. ಒಳಗೆ ಬಾಗಿಲು ಮಾಡಿ ಇಟ್ಟಿದ್ದಾರೆ, ಹೊರಗೆ ಚಿಲಕ ಹಾಕಿದವರು ನಾವೇ ಎಂದು ಅನ್ನಿಸುತ್ತಿತ್ತು.

ಅಪ್ಪ ಫೋನಿನಲ್ಲಿ ಒಂದೇ ಮಾತು ಕೇಳುತ್ತಿದ್ದ. "ಹಾಕ್ಕೊಂಡಾಳೇನು?"

"ಇಲ್ಲಪ್ಪ."

ಒಂದು ದಿನ ಅದರ ಮುಂದೆ ಇನ್ನೊಂದು ಮಾತು ಸೇರಿಸಿದ. "ಈ ಶ್ರಾವಣ ಪುರಾಣ ಓದೂದಿಲ್ಲ ಅಂತ ಮಠಕ್ಕ ಹೇಳೇನಿ. ಬ್ಯಾರೆ ಯಾರನ್ನರೆ ನೋಡ್ಕೋರಿ ಅಂದೆ."

"ಯಾಕಪ್ಪಾ?"

"ಕೂಸು ಅಂಜಿದ ದನೀನ ದೇವರಿಗೆ ಹೆಂಗ ಕೊಡ್ಲಿ?"

ಪೂಜಾ ನನ್ನ ಎದುರಿಗೇ ಕುಳಿತು ಗೊಂಬೆಗೆ ಅನ್ನ ಉಣಿಸುತ್ತಿದ್ದಳು, ಬರಿದಾದ ತಲೆ.

ಆಮೇಲೆ ಒಂದು ಮಧ್ಯಾಹ್ನ ಯಂತ್ರವೇ ಕಾಣೆಯಾಯಿತು. ಡಬ್ಬಿಗಳನ್ನೆಲ್ಲ ಕೊಡವಿದೆ. ಕಸದ ಬುಟ್ಟಿ ಸುರುವಿದೆ. ಮಗಳೂ ಮನೆಯಲ್ಲಿರಲಿಲ್ಲ. ಎಲೆ ಆರಿಸುವಾಗ ಹರಿದ ಎಲೆ ಆಡಲಿಕ್ಕೆ ಸಿಗುತ್ತದೆಂದು ಅವಳು ಮಾಬೂಬಿ ಚಿಗವ್ವನ ಮನೆಗೆ ಹೋಗುವುದಿತ್ತು. ಹಿತ್ತಲ ಬಾಗಿಲಿನಿಂದ ಓಡಿದೆ.

ಚಿಗವ್ವ ಒದ್ದೆ ಗೋಣಿಯ ಮೇಲೆ ಕುಳಿತು ಎಲೆ ಎಣಿಸುತ್ತಿದ್ದರು. ಆ ಮನೆಯಲ್ಲಿ ಎಣಿಕೆ ನಡೆದಾಗ ಮಾತಾಡುವ ಹಾಗಿಲ್ಲ. ನಡುವೆ ಮಾತು ಬಂದರೆ ಲೆಕ್ಕ ತಪ್ಪುತ್ತದೆ, ಕಟ್ಟನ್ನು ಮತ್ತೆ ಮೊದಲಿನಿಂದ ಎಣಿಸಬೇಕು. ಅದಕ್ಕೆ ಆ ಹೊತ್ತಿನಲ್ಲಿ ಟೀವಿ ಹಚ್ಚುವುದಿಲ್ಲ, ಮಿಕ್ಸರು ತಿರುಗುವುದಿಲ್ಲ. ಬಂದವರು ಬಾಗಿಲಲ್ಲಿ ನಿಂತು ಕಟ್ಟು ಮುಗಿದ ಮೇಲೆಯೇ ಒಳಗೆ ಬರುತ್ತಾರೆ. ನಾನೂ ರೂಢಿಯಂತೆ ಹೊಸ್ತಿಲಲ್ಲಿ ನಿಂತೆ.

ಪೂಜಾ ಚಿಗವ್ವನಿಗೆ ಬೆನ್ನು ಮಾಡಿ ಕುಳಿತಿದ್ದಳು. ಮುಂದೆ ಹರಿದ ಎಲೆಗಳ ರಾಶಿ. ತಲೆಯ ಮೇಲೆ ಬಿಲ್ಲೆ.

ಚಿಗವ್ವ ಎಲೆಯ ಮೇಲೆ ಎಲೆ ಇಡುತ್ತ, ತುಟಿಯಲ್ಲೇ ಎನ್ನುವಷ್ಟು ಮೆಲ್ಲಗೆ, ಏಕ್, ದೋ, ತೀನ್ ಎನ್ನುತ್ತಿದ್ದರು. ಒಂದು ಅಂಕಿ, ಒಂದು ಎಲೆ. ಹಿಂದೆ ಅಂಕಿ ಬಿದ್ದಾಗ ಮುಂದೆ ನನ್ನ ಮಗಳೂ ತನ್ನದೊಂದು ಎಲೆ ಇಡುತ್ತಿದ್ದಳು. ಚಿಗವ್ವ ಬೆರಳು ಒದ್ದೆ ಮಾಡಿಕೊಳ್ಳಲು ನಿಲ್ಲಿಸಿದರು. ಪೂಜಾಳ ಕೈ ಎಲೆ ಹಿಡಿದು ಗಾಳಿಯಲ್ಲೇ ನಿಂತಿತು. ಅವಳು ಹಿಂದೆ ತಿರುಗಿ ನೋಡಲಿಲ್ಲ. ಕಾದಳು. ಮುಂದಿನ ಅಂಕಿ ಬಂತು, ಎಲೆ ಇಳಿಯಿತು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಕೂಗಬೇಕೆನ್ನಿಸಿತು, ಕೂಗುವ ಹಾಗಿರಲಿಲ್ಲ. ಕಟ್ಟು ಮುಗಿಯಿತು. ಚಿಗವ್ವ ಬಾಳೆಯ ನಾರು ಸುತ್ತಿ ಗಂಟು ಹಾಕಿ ತಲೆಯೆತ್ತಿದರು.

"ಯಾಕವ್ವ, ಮುಖ ಹಂಗ್ಯಾಕ?"

"ಚಿಗವ್ವಾ, ಮಷೀನ ನೀವು ಹಚ್ಚಿದ್ರೇನ್ರಿ?"

"ಅಯ್ಯ, ಅದನ್ನ ಮುಟ್ಟಾಕ ನನಗ ಅಂಜಿಕಿ. ಆಕೀನ ಹಚ್ಚಿಕೊಂಡ್ಲು. ನನ್ನ ಬಾಯಿ ನೋಡಿದ್ಲು, ಫ್ರಾಕಿನ ಕಿಸೆದಾಗಿಂದ ತಗದ್ಲು, ಟಪಕ್ಕನ ಹಚ್ಚಿಕೊಂಡ್ಲು. ನಿನ್ನೆನೂ ಹಂಗ ಮಾಡಿದ್ಲು."

"ನಿನ್ನೆನೂ? ಮತ್ತ ಹೇಳಬಾರದೇನ್ರಿ!"

"ಎಣಸೂ ಮುಂದ ಬಾಯಿ ಬಿಡಾಕ ಬರ್ತೈತೇನು? ಎಣಿಸಿ ಮುಗಿಯೂದ್ರಾಗ ಮರ್ತೆ."

ನಮ್ಮ ಮಾತು ಗೋಡೆಯಾಚೆ ಹೋಗಿ ಅತ್ತೆಯನ್ನು ಕರೆತಂದಿತು. ಸಂಗತಿ ಕೇಳಿ ಮೊದಲು ಕೈ ಮುಗಿದರು, ಆಮೇಲೆ ಮುಖ ಸಣ್ಣದು ಮಾಡಿಕೊಂಡರು.

"ಖರೆ, ಆದ್ರ ಆ ಬಾಯಾರು ಒಂದ ಭಾಷಾ ಅಂದಾರ. ಕೂಸಿನ ಕಿವಿ ಮೊದಲು ಹಿಡದದ್ದು ಏಕ್ ದೋ ಆತಲ್ಲವ್ವ. ನಿಮ್ಮ ಮಾತು, ಮಾಬೂಬಿ, ಸಿಟ್ಟಾಗಬ್ಯಾಡ, ಗಂಟಲದಾಗ ಹುರಿಗಡಲಿ ಸಿಕ್ಕವರು ಮಾತಾಡಿದಂಗ ಇರ್ತೈತಿ. ನಮ್ಮ ಪದ್ಯಕ್ಕ ಅಂಜಿದ ಕೂಸು ಇದಕ್ಕ ಹೆಂಗ ಒಲೀತು?"

"ಅನ್ನವ್ವಕ್ಕ, ನಾ ಲಗ್ನ ಆಗಿ ಬಂಕಾಪುರದಿಂದ ಬಂದಾಗ, ಅಲ್ಲಿ ನಮ್ಮ ಓಣ್ಯಾಗ ಬರೇ ಉರ್ದು. ಇಲ್ಲಿ ಮುಂಜಾನೆದ್ದು ನೀವು ಆಕಳಾ ಕರಿಯೂದು ಕೇಳಿ, ಬಾಜೂ ಮನ್ಯಾಗ ದಿನಾ ಜಗಳ ಅಂತ ನಮ್ಮವ್ವಗ ಹೇಳಿ ಕಳಿಸಿದ್ದೆ."

"ಆಕಳ ಜೋಡಿ ಜಗಳ ಇರಲಿಲ್ಲ. ನಿಮ್ಮಣ್ಣನ ಜೋಡಿ ಇತ್ತು," ಎಂದರು ಅತ್ತೆ ತೀರಿಕೊಂಡ ಮಾವನನ್ನು ನೆನೆದು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಚಿಗವ್ವ ಎಲೆಗಳನ್ನು ಒದ್ದೆ ಬಟ್ಟೆಯಿಂದ ಮುಚ್ಚುತ್ತ, "ಆದ್ರ ಅಕ್ಕ, ನನ್ನ ಮಾತಿನಿಂದ ಕೂಸಿಗೆ ತೊಂದ್ರಿ ಆಗೂದಿದ್ರ ಕಳಸಬ್ಯಾಡ್ರಿ. ನನಗೇನೂ ಬ್ಯಾಸರಿಲ್ಲ," ಎಂದರು. ಬೇಸರ ಆಗಿತ್ತು.

ನಮ್ಮ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಅತ್ತೆಯ ಮಾತಿಗೆ ಅಡ್ಡ ಬಂದವಳಲ್ಲ.

"ಕಳಸ್ತೇನ್ರಿ ಚಿಗವ್ವಾ. ಅತ್ತೀ, ಆಕಿ ಕೇಳಾಕತ್ತಾಳ. ಯಾವ ಮಾತು ಅನ್ನೂದು ಆಮ್ಯಾಲೆ ನೋಡೂಣು."

ಅತ್ತೆ ನನ್ನನ್ನು ಒಮ್ಮೆ, ಮಗುವಿನ ತಲೆಯ ಮೇಲಿದ್ದ ಬಿಲ್ಲೆಯನ್ನು ಒಮ್ಮೆ ನೋಡಿದರು. "ನಾ ಬ್ಯಾಡ ಅಂದೆನೇನು?" ಎಂದರು.

ಹಾಗೆ ಪೂಜಾ ದಿನಾ ಎಲೆಗೆ ಹೋದಳು. ಅಲ್ಲಿ ಇದ್ದಷ್ಟು ಹೊತ್ತು ಬಿಲ್ಲೆ ತಲೆಯ ಮೇಲೆ, ನಮ್ಮ ಹೊಸ್ತಿಲು ದಾಟಿದರೆ ಕಿಸೆಯಲ್ಲಿ. ನನಗೆ ಧೈರ್ಯವೂ ಇತ್ತು, ಭಯವೂ ಇತ್ತು. ಇದು ಕೇಳುವುದೋ, ಬರೀ ಎಲೆಯ ಆಟವೋ? ಮೇಡಂ ಬೇಡ ಎಂದದ್ದನ್ನೇ ನಾನು ಮಾಡುತ್ತಿದ್ದೇನೆಯೋ?

ಹುಬ್ಬಳ್ಳಿಗೆ ಹೋಗುವ ದಿನ ಅತ್ತೆಯೇ ಗೋಡೆಯ ಮೇಲಿಂದ ಕರೆದರು. "ಮಾಬೂಬಿ, ನೀನೂ ಬಾ. ಅಲ್ಲಿ ಹೋಗಿ ಕೂಸು ಕಿತ್ತೊಗದ್ರ ನಮ್ಮ ಕೈಲಿ ಆಗೂದಿಲ್ಲ." ಚಿಗವ್ವ ಬುರ್ಖಾ ಹಾಕಿಕೊಂಡು, ಹರಿದ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಬಸ್ಸಿನ ತುಂಬ ಎಲೆಯ ಖಾರದ ವಾಸನೆ.

ಆಸ್ಪತ್ರೆಯ ಆ ಕೋಣೆಯಲ್ಲಿ ಹೊರಗಿನ ಸದ್ದು ಬರುವುದಿಲ್ಲ. ಜಯಶ್ರೀ ಮೇಡಂ ಪೂಜಾಳ ಮುಂದೆ ಬಣ್ಣದ ಮರದ ತುಂಡುಗಳನ್ನೂ ಒಂದು ಡಬ್ಬಿಯನ್ನೂ ಇಟ್ಟರು. "ಸದ್ದು ಕೇಳಿದಾಗ ಒಂದು ತುಂಡು ಡಬ್ಬೀಲಿ ಹಾಕ್ಬೇಕು. ಅದರಿಂದ ನಮಗೆ ಗೊತ್ತಾಗುತ್ತೆ ಏನು ಕೇಳ್ತಿದೆ ಅಂತ. ಇವತ್ತೇ ಆಗಲ್ಲ, ಇದನ್ನ ಕಲಿಯೋಕೆ ಮಕ್ಕಳಿಗೆ ತುಂಬ ದಿನ ಬೇಕಾಗುತ್ತೆ. ಸುಮ್ಮನೆ ಶುರು ಮಾಡೋಣ," ಎಂದು ತಮ್ಮ ಮೇಜಿನ ಯಂತ್ರದ ಗುಂಡಿ ಒತ್ತಿದರು.

ಸಣ್ಣದೊಂದು ಸದ್ದು. ಪೂಜಾ ಚಿಗವ್ವನ ಕಡೆ ನೋಡಿದಳು. ಚಿಗವ್ವ ಕಣ್ಣಿನಲ್ಲೇ ಹೂಂ ಅಂದರು. ತುಂಡು ಡಬ್ಬಿಗೆ ಬಿತ್ತು.

ಆಮೇಲೆ ಅವಳು ಯಾರ ಕಡೆಗೂ ನೋಡಲಿಲ್ಲ. ಸದ್ದು, ತುಂಡು. ಮೇಡಂ ಇನ್ನೂ ಸಣ್ಣ ಸದ್ದು ಕೊಟ್ಟರು. ತುಂಡು. ನನಗೇ ಕೇಳಿತೋ ಇಲ್ಲವೋ ಎನ್ನುವಷ್ಟು ಸಣ್ಣದು ಕೊಟ್ಟರು. ಕೈ ಗಾಳಿಯಲ್ಲಿ ನಿಂತು, ಕಾದು, ಇಳಿಯಿತು. ಬೇಕೆಂದೇ ಸುಮ್ಮನಿದ್ದರು. ಅವಳೂ ತುಂಡು ಹಿಡಿದು ಸುಮ್ಮನಿದ್ದಳು.

ಮೇಡಂ ಕುರ್ಚಿಗೆ ಒರಗಿದರು. "ಇದನ್ನ ಯಾರು ಕಲಿಸಿದ್ರು ಇವಳಿಗೆ?"

"ಎಲಿ ಎಣಸಾಕ ಹೋಗ್ತಾಳ್ರೀ!" ಎಂದು ಅತ್ತೆ ತಮ್ಮ ಆಕಳು ಕರೆಯುವ ದನಿಯಲ್ಲಿ ಹೇಳಿಯೇಬಿಟ್ಟರು.

ಪೂಜಾಳ ಕೈ ಬಿಲ್ಲೆಗೆ ಹೋಗುತ್ತದೆ ಎಂದುಕೊಂಡೆ. ಅವಳು ಅತ್ತೆಯ ಕಡೆ ನೋಡಿ, ಒಂದು ತುಂಡು ಎತ್ತಿ, ಡಬ್ಬಿಗೆ ಹಾಕಿದಳು.

ಮೇಡಂ ಮೊದಲು ನಕ್ಕರು. ಆಮೇಲೆ ನಾವೆಲ್ಲರೂ. ಆ ನಗುವಿಗೂ ಒಂದು ತುಂಡು ಬಿತ್ತು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಚಿಗವ್ವ ನನ್ನ ಕೈಯನ್ನು ತಮ್ಮ ಒದ್ದೆ ಕೈಯಲ್ಲಿ ಹಿಡಿದುಕೊಂಡಿದ್ದರು.

"ಮೇಡಂ, ಅದು ಉರ್ದೂದಾಗ ಎಣಸೂದು," ಎಂದು ಮೆಲ್ಲಗೆ ಒಪ್ಪಿಸಿದೆ. "ನೀವು ಒಂದ ಭಾಷಾ ಅಂದಿದ್ರಿ."

"ಎಲ್ಲರೂ ಒಟ್ಟಿಗೆ ಗದ್ದಲ ಮಾಡ್ಬಾರ್ದು ಅಂತ ಹಾಗಂದೆ. ನಾನೇ ಸರಿಯಾಗಿ ಬಿಡಿಸಿ ಹೇಳ್ಬೇಕಿತ್ತು. ಎರಡು ಭಾಷೆ ಕೇಳ್ತಾ ಬೆಳೆಯೋ ಮಕ್ಕಳು ನಿಮ್ಮ ಊರಲ್ಲೇ ಎಷ್ಟಿಲ್ಲ? ಅವಳು ಹಾಕ್ಕೊಂಡು ಕೇಳಲಿ, ಅದು ಸಾಕು. ನೀವು ನಿಮ್ಮ ಮಾತಾಡಿ, ಅವರು ಅವರ ಮಾತಾಡಲಿ."

ಇನ್ನೊಂದು ಪ್ರಶ್ನೆ ನನ್ನಲ್ಲಿ ಉಳಿದಿತ್ತು. ಅಪ್ಪನ ವಿಷಯ ಹೇಳಿದೆ. ಮೇಡಂ ತಲೆ ಆಡಿಸಿದರು. "ತಾತನ ದನೀಲಿ ಏನೂ ತಪ್ಪಿಲ್ಲ. ಆವತ್ತು ಕಿವಿಗೆ ಬಡಿದಿದ್ದೆಲ್ಲ ಅವರ ಹೆಸರಿಗೆ ಬಿತ್ತು, ಅಷ್ಟೇ. ಮತ್ತೆ ಹೊಸದಾಗಿ ಪರಿಚಯ ಮಾಡ್ಸಿ."

ಹಿಂತಿರುಗುವ ಬಸ್ಸಿನಲ್ಲಿ ಪೂಜಾ ನನ್ನ ಮಡಿಲಲ್ಲಿ ನಿದ್ದೆ ಹೋದಳು. ಅತ್ತೆಯೂ ಚಿಗವ್ವನೂ ಹಿಂದಿನ ಸೀಟಿನಲ್ಲಿ ಒಂದೇ ಎಲೆ ಹರಿದು ಹಂಚಿಕೊಂಡು ಮೆಲ್ಲುತ್ತಿದ್ದರು. ನಾನು ಅಪ್ಪನ ತೊಡೆಯನ್ನು ನೆನೆದೆ. ಧೋತರದ ಬಿಸಿ ಇಲ್ಲದೆ, ದೀಪದ ವಾಸನೆ ಇಲ್ಲದೆ, ಬೆನ್ನಿಗೆ ಬೀಳುವ ಗುದ್ದಿನ ನಡುವೆ ಆ ಪದ್ಯ ಮೊದಲ ಸಲ ಬಂದಿದ್ದರೆ ನಾನೂ ಕಿವಿ ಮುಚ್ಚಿಕೊಳ್ಳುತ್ತಿದ್ದೆನೇನೋ.

ಮನೆಗೆ ಬಂದವಳೇ ಫೋನ್ ಹಚ್ಚಿದೆ.

"ನಾ ಬಂದ್ರ ಮತ್ತ ಕಿತ್ತೊಗದಾಳು. ಬ್ಯಾಡ ಬಿಡವ್ವ," ಎಂದ ಅಪ್ಪ.

"ಬಾಯಿ ತೆರೀಬ್ಯಾಡ. ಬಂದು ಎಲಿ ಎಣಸು."

ಶ್ರಾವಣ ನಾಳೆ ಎನ್ನುವಾಗ ಅಪ್ಪ ಬಂದ. ವಿಭೂತಿ ಹಚ್ಚಿದ್ದ, ಮಾತು ಬಿಟ್ಟಿದ್ದ. ಚಿಗವ್ವ ಅವನಿಗೆ ಗೋಣಿ ಹಾಸಿದರು.

"ಕುಂಡ್ರಿ ಅಣ್ಣಾರ. ಇಲ್ಲಿ ಎಣಿಕಿ ನಡದಾಗ ಮಾತಿಲ್ಲ. ನಿಮ್ಮ ಪುರಾಣಾನೂ ಇಲ್ಲ."

ಅಪ್ಪ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಪೂಜಾ ಅವನನ್ನು ಕಂಡಕೂಡಲೇ ಕಿವಿಯ ಹಿಂದೆ ಕೈ ಇಟ್ಟಳು. ಅಪ್ಪ ನೆಲ ನೋಡುತ್ತ ಕುಳಿತ. ಚಿಗವ್ವ ಎಣಿಸತೊಡಗಿದರು. ಸ್ವಲ್ಪ ಹೊತ್ತಿಗೆ ಪೂಜಾಳ ಕೈ ಇಳಿದು ಎಲೆಗೆ ಬಂತು. ಅಪ್ಪನೂ ಒಂದು ಎಲೆ ಇಟ್ಟ. ಒಂದು ಕಟ್ಟು ಮುಗಿಯಿತು, ಇನ್ನೊಂದು ಮುಗಿಯಿತು. ಮೊಮ್ಮಗಳು ಅಜ್ಜನ ರಾಶಿಯಿಂದ ಚೆನ್ನಾದ ಎಲೆ ಕದಿಯತೊಡಗಿದಳು. ಅಪ್ಪ ಕಾಣದವನಂತೆ ಇದ್ದ.

ಮಸೀದಿಯಲ್ಲಿ ಅಜಾನ್ ಆಯಿತು. ಚಿಗವ್ವ ಕೈ ತೊಳೆದು ನಮಾಜಿಗೆ ಒಳಗೆ ಹೋದರು.

ಪೂಜಾ ಎಲೆ ಹಿಡಿದು ಕಾದಳು. ಅಂಕಿ ಬರಲಿಲ್ಲ. ಮತ್ತೂ ಕಾದಳು. ತಿರುಗಿ ಚಿಗವ್ವ ಇಲ್ಲದ ಗೋಣಿ ನೋಡಿದಳು, ಆಮೇಲೆ ಅಜ್ಜನ ಮುಖ ನೋಡಿದಳು. ಕೈ ಇನ್ನೂ ಗಾಳಿಯಲ್ಲೇ ಇತ್ತು. ಅಪ್ಪ ನನ್ನ ಕಡೆ ನೋಡಿದ.

"ಒಂದು," ಎಂದ ಅಪ್ಪ. ಆ ಗಂಟಲಿನಲ್ಲಿ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲವೇನೋ.

ಪೂಜಾ ಅವನ ಬಾಯಿಯನ್ನೇ ನೋಡಿದಳು. ಎಲೆ ಇಟ್ಟಳು.

"ಎರಡು." ಎಲೆ. "ಮೂರು." ಎಲೆ.

ಹಾಗೇ ಹೋಯಿತು. ಅಂಕಿಗಳು ಯಾವಾಗ ಮುಗಿದವೋ, ಪದ್ಯ ಯಾವಾಗ ಶುರುವಾಯಿತೋ ನನಗೂ ತಿಳಿಯಲಿಲ್ಲ. ಅದೇ ಸಣ್ಣ ದನಿ, ಅದೇ ನಡೆ. ಮೊದಲ ಸಾಲು, ಎರಡನೆಯ ಸಾಲು. ಪೂಜಾ ಹೊಸ ಎಲೆ ಎತ್ತಿ ಹಿಡಿದಿದ್ದಳು, ಇಡುವ ಜಾಗ ಸಿಗದೆ ಕಾಯುತ್ತಿದ್ದಳು. ಮೂರನೆಯ ಸಾಲಿನಲ್ಲಿ ಅಪ್ಪ ದನಿಯನ್ನು ಎಳೆದು, ಉಸಿರು ಮುಗಿಯುವ ಹೊತ್ತಿಗೆ ನಿಲ್ಲಿಸಿದ. ಮಠದಲ್ಲಾದರೆ ಪಡಸಾಲೆ ಹೂಂ ಎನ್ನುವ ಜಾಗ ಅದು.

ಪೂಜಾ ಎಲೆ ಇಟ್ಟಳು.

ಅಪ್ಪನ ಕಣ್ಣು ತುಂಬಿದವು, ದನಿ ಮಾತ್ರ ಏರಲಿಲ್ಲ. ಉಳಿದ ಮೂರು ಸಾಲು ಹೇಳಿದ. ಕೊನೆಯಲ್ಲಿ ಇನ್ನೊಂದು ಎಲೆ ಇಳಿಯಿತು. ಮಾಬೂಬಿ ಚಿಗವ್ವ ನಮಾಜು ಮುಗಿಸಿ ಬಂದವರು ಒಳಬಾಗಿಲಲ್ಲೇ ನಿಂತಿದ್ದರು. ಎಣಿಕೆ ನಡೆದಿದೆಯಲ್ಲ, ಮಾತಾಡುವ ಹಾಗಿಲ್ಲ. ತೆರೆದ ಹಿತ್ತಲ ಬಾಗಿಲಾಚೆ, ಗೋಡೆಯ ಮೇಲಿಂದ ಅತ್ತೆಯ ಮುಖವೂ ಇಣುಕುತ್ತಿತ್ತು. ಅವರು ಸೆರಗಿನಿಂದ ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡಿದ್ದರು.

ಪದ್ಯ ನಿಂತ ಮೇಲೆ ಚಿಗವ್ವ ಹೇಳಿದರು, "ಅಣ್ಣಾರ, ನಿಮ್ಮ ಲೆಕ್ಕದಾಗ ಕಟ್ಟು ಕಟ್ಟಿದ್ರ ಗಿರಾಕಿ ನನ್ನ ಬಡೀತಾನ. ಇಷ್ಟೊತ್ತು ಹಾಡಿ ಎರಡs ಎಲಿ ಇಟ್ಟೀರಿ."

"ತೂಕದ ಎಲಿ ತಂಗಿ ಅವು," ಎಂದ ಅಪ್ಪ. ಎಷ್ಟೋ ದಿನದ ಮೇಲೆ ಅವನ ಬಾಯಿಂದ ಬಂದ ಚೇಷ್ಟೆಯ ಮಾತು.

ಪೂಜಾಳಿಗೆ ಆಟ ಸಾಕಾಗಿತ್ತು. ಆಕಳಿಸಿದಳು. ಕೈಯೆತ್ತಿ ಬಿಲ್ಲೆಯನ್ನು ಮುಟ್ಟಿದಳು. ನಾವು ನಾಲ್ವರೂ ಅವಳ ಕೈಯನ್ನೇ ನೋಡಿದೆವು. ಅವಳು ಅದರ ಪಕ್ಕ ಪರಪರ ಕೆರೆದುಕೊಂಡು, ಬಿಲ್ಲೆಯನ್ನು ಸರಿಯಾಗಿ ಕೂರಿಸಿ, ಅಜ್ಜನ ತೊಡೆಯ ಮೇಲೆ ಕೆನ್ನೆಯಿಟ್ಟು ಮಲಗಿದಳು.

"ಹಾನಗಲ್ ಬಸ್ಸು ಎಷ್ಟೊತ್ತಿಗೆ ಐತವ್ವ ರಂಜಿ?" ಎಂದು ಅಪ್ಪ ಅದೇ ಸಣ್ಣ ದನಿಯಲ್ಲಿ ಕೇಳಿದ.

"ಇವತ್ತ ಇರಪ್ಪಾ."

"ನಾಳೆ ಮಠದಾಗ ಪುಸ್ತಕ ಬಿಚ್ಚಬೇಕಲ್ಲ. ಬ್ಯಾರೆ ಯಾರೂ ಸಿಕ್ಕಿಲ್ಲಂತ, ಕಾಯ್ಕೋಂತ ಕುಂತಿರ್ತಾರ."

ಹಾಗೆಂದನೇ ಹೊರತು ಏಳಲಿಲ್ಲ. ತೊಡೆ ಅಲುಗಿಸದೆ, ಗೋಡೆಗೆ ಒರಗಿ, ಇನ್ನೊಂದು ಪದ್ಯ ಎತ್ತಿಕೊಂಡ.